ಅರ್ಧ ಕಾಯಿಲಿನ ಲೆಕ್ಕ

ನಾನು ಹೇಳಲು ಹೊರಟಿರುವುದು ಮಾನ್ವಿಯಲ್ಲಿ ಸಂಜೆಯಾದರೆ ಬಲ್ಬು ಬೆಳಕು ಕೊಡದೆ, ಬರೀ ಕೆಂಪಗೆ ಕಣ್ಣು ಬಿಟ್ಟು ನಮ್ಮನ್ನು ನೋಡುತ್ತಿದ್ದ ದಿನಗಳ ಮಾತು. ಬಲ್ಬು ಹತ್ತಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಚಿಮಣಿ ದೀಪ ಹಚ್ಚಿಕೊಂಡು ಬರಬೇಕು ಎಂದು ನಮ್ಮಪ್ಪ ನಗಾಡುತ್ತಿದ್ದ. ನಮ್ಮ ಕಡೆಯ ನನ್ನ ವಾರಿಗೆಯವರು ಇದನ್ನು ಓದಿ ಈಗಾಗಲೇ ತಲೆ ಅಲ್ಲಾಡಿಸುತ್ತಿರುತ್ತೀರಿ. ನಿಮ್ಮ ಮಕ್ಕಳಿಗೆ ಓದಿ ಹೇಳಿದರೆ ಮಾತ್ರ ನಂಬುವುದಿಲ್ಲ, ಬಿಡಿ.

ನಮ್ಮ ಓಣಿ ಇದ್ದದ್ದು ಕರೆಂಟಿನ ಲೈನಿನ ಕಟ್ಟಕಡೆಗೆ. ನಮಗಿಂತ ಮೊದಲು ರೈಸ್ ಮಿಲ್ಲುಗಳು, ಅವುಗಳಿಗೂ ಮೊದಲು ಹೊಲಕ್ಕೆ ನೀರೆತ್ತುವ ಮೋಟರುಗಳು. ಅವರೆಲ್ಲ ಉಂಡು ಉಳಿದದ್ದು ನಮಗೆ. ದೇವಸುಗೂರಿಗೆ ದೇವರ ದರ್ಶನಕ್ಕೆ ಹೋದಾಗ, ಕರೆಂಟು ತಯಾರಾಗುವ ಕಡೆಯ ದೊಡ್ಡ ದೊಡ್ಡ ಚಿಮಣಿಗಳು ಕಾಣುತ್ತಿದ್ದವು. ಅವನ್ನು ನೋಡಿ ಹಣಮಂತ ಮಾವ ಹೇಳುತ್ತಿದ್ದ, "ನೋಡ್ರಿ, ಇಲ್ಲಿ ಹುಟ್ಟಿದಾಗ ಪೈಲ್ವಾನ್ ಇರ್ತದ. ನಮ್ಮ ಓಣಿಗಿ ಬರೋಷ್ಟರಾಗ ಕೋಲು ಹಿಡ್ಕೊಂಡಿರ್ತದ."

ಹಣಮಂತ ಮಾವ ಎಂದರೆ ನಮ್ಮವ್ವನ ಖಾಸಾ ತಮ್ಮ. ಹಿರೇಕೊಟ್ನೆಕಲ್ಲಿನ ಕುರಿ ಕಾಯುವ ಮನೆತನ ಅವರದು. ಆ ಮನೆಯಲ್ಲಿ ಕುರಿ ಬಿಟ್ಟು ಬೇರೆ ಕೆಲಸ ಹಿಡಿದವನು ಇವನೊಬ್ಬನೇ. ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸುಟ್ಟುಹೋದ ಮೋಟರಿನ ಹೊಟ್ಟೆ ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿಯುವುದು ಅವನ ದಿನದ ಕೆಲಸ. ನಮ್ಮನೆಯಲ್ಲೇ ಇದ್ದ ಅವನು ಸಂಜೆ ಊಟಕ್ಕೆ ಬಂದರೆ ವಾರ್ನಿಷ್ ವಾಸನೆ ಅವನಿಗಿಂತ ಮೊದಲು ಒಳಗೆ ಬರುತ್ತಿತ್ತು. ನನಗೆ ಆ ವಾಸನೆ ಎಂದರೆ ಪ್ರಾಣ. ಉಳಿದ ತಂತಿ ತುಂಡುಗಳಲ್ಲಿ ನನಗೂ ನನ್ನ ಗೆಳತಿಯರಿಗೂ ಉಂಗುರ ಮಾಡಿ ಕೊಡುತ್ತಿದ್ದ. ಬೆರಳೆಲ್ಲ ಹಸಿರಾಗುತ್ತಿತ್ತು. ಆದರೂ ಬಿಚ್ಚುತ್ತಿರಲಿಲ್ಲ.

ಓಣಿಯಲ್ಲಿ ಮಾವನಿಗೆ ದೊಡ್ಡ ಹೆಸರು ಬಂದದ್ದು ಮೋಟರಿನಿಂದಲ್ಲ, ಹೀಟರಿನಿಂದ. ಹೀಟರ್ ಎಂದರೆ ಬಿಳಿ ಮಣ್ಣಿನ ದುಂಡು ತಟ್ಟೆ, ಅದರಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಸಣ್ಣ ಕಾಲುವೆ, ಆ ಕಾಲುವೆಯೊಳಗೆ ಸ್ಪ್ರಿಂಗಿನಂಥ ಕಾಯಿಲ್. ಮಳೆಗಾಲದಲ್ಲಿ ಕಟ್ಟಿಗೆ ಒದ್ದೆ, ಸೀಮೆಎಣ್ಣೆ ಸಿಗುವುದಿಲ್ಲ. ಆಗ ಚಹಾ, ಹಾಲು, ಮಕ್ಕಳ ಸ್ನಾನದ ನೀರು ಎಲ್ಲಕ್ಕೂ ಇದೇ ಗತಿ. ಆದರೆ ಹೊಸ ಕಾಯಿಲ್ ಹಾಕಿ ಸಂಜೆ ಬಟನ್ ಒತ್ತಿದರೆ ಅದು ಕೆಂಪಗೂ ಆಗುತ್ತಿರಲಿಲ್ಲ. ಮೇಲಿಟ್ಟ ಚಹಾ ಕುದಿಯುವಷ್ಟರಲ್ಲಿ ಬಂದ ಬೀಗರು ಬಸ್ ಹತ್ತಿ ಹೋಗಿರುತ್ತಿದ್ದರು.

ಇದಕ್ಕೆ ಮಾವ ಒಂದು ಮದ್ದು ಕಂಡುಹಿಡಿದಿದ್ದ. ಹೊಸ ಕಾಯಿಲನ್ನು ಸರಿಯಾಗಿ ನಡುವೆ ಕತ್ತರಿಸಿ ಅರ್ಧವನ್ನು ಮಾತ್ರ ನಮ್ಮ ಹೀಟರಿಗೆ ಹಾಕುವುದು. ಇನ್ನರ್ಧ ಪಕ್ಕದ ಗಂಗತ್ತೆಯ ಮನೆಗೆ. ಅರ್ಧ ಕಾಯಿಲು ಹಾಕಿದ ಹೀಟರು ಬಲ್ಬು ನರಳುವ ಹೊತ್ತಿನಲ್ಲೂ ಕೆಂಡದ ಹಾಗೆ ಉರಿಯುತ್ತಿತ್ತು. ನೋಡನೋಡುತ್ತ ಇಡೀ ಓಣಿ ಹೀಗೆಯೇ ಮಾಡಿಸಿಕೊಂಡಿತು. ಎರಡು ಮನೆಗೆ ಒಂದು ಕಾಯಿಲು. ಒಂದೇ ಕಾಯಿಲನ್ನು ಹಂಚಿಕೊಂಡ ಮನೆಯವರು "ನಾವು ಕಾಯಿಲ್ ಬೀಗರು" ಎಂದು ಹೇಳಿಕೊಂಡು ನಗುತ್ತಿದ್ದರು. ಅರ್ಧ ಮಾಡಿದರೆ ಯಾಕೆ ಹೆಚ್ಚು ಉರಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಚಹಾ ಕುದಿದರೆ ಸಾಕು, ಕಾರಣ ಯಾರಿಗೆ ಬೇಕು!

ಆ ವರ್ಷ ಶ್ರಾವಣದಲ್ಲಿ ಶರಣಕ್ಕ ನಮ್ಮನೆಗೆ ಬಂದಳು. ಗಬ್ಬೂರಿನ ನಮ್ಮ ದೊಡ್ಡವ್ವನ ಮಗಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ವಿಜ್ಞಾನದಲ್ಲಿ ಕುಂತುಬಿಟ್ಟಿದ್ದಳು, ಅದೂ ಎರಡು ಸಲ. ದಸರೆಯಾದ ಮೇಲಿನ ಪರೀಕ್ಷೆ ಅವಳ ಪಾಲಿಗೆ ಕೊನೆಯದು. ಪಾಸಾದರೆ ರಾಯಚೂರಿನಲ್ಲಿ ನರ್ಸ್ ಟ್ರೈನಿಂಗಿಗೆ ಹೋಗಬಹುದು. ಆಗದಿದ್ದರೆ ಮದುವೆ. ಗಂಡು ಹುಡುಕುವ ತ್ರಾಸೂ ಇಲ್ಲ. ನಮ್ಮಲ್ಲಿ ಅಕ್ಕನ ಮಗಳು ಸೋದರಮಾವನಿಗೇ ಎನ್ನುವುದು ತೊಟ್ಟಿಲಲ್ಲೇ ನಿಕ್ಕಿಯಾದ ಮಾತು. ಅಂದರೆ, ಹಣಮಂತ ಮಾವನೇ ಗಂಡು.

ದೊಡ್ಡಪ್ಪ ಅವಳನ್ನು ಬಿಟ್ಟು ಹೋಗುವಾಗ ಕಟ್ಟೆಯ ಮೇಲೆ ನಿಂತು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ಇದ ಕಡೀದು ನೋಡವಾ. ಇದರಾಗ ಆಗಲಿಲ್ಲಂದ್ರ ಬುಕ್ಕು ಕಟ್ಟಿ ಅಟ್ಟದ ಮ್ಯಾಲ ಇಟ್ಟು ಮದಿವಿ ಅಕ್ಕಿಕಾಳಿಗಿ ತಯಾರಾಗಬೇಕು. ಆಮ್ಯಾಲ ಅತ್ರ ನಾ ಕೇಳಾಂವಲ್ಲ."

"ಹೂಂ ಯಪ್ಪಾ" ಎಂದಳು ಶರಣಕ್ಕ. ಅಷ್ಟೇ.

ಮಾವನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ ಎಂದು ತಿಳಿಯಬೇಡಿ. ಇಬ್ಬರದೂ ಕೂಡಿ ಆಡಿ ಬೆಳೆದ ಸಲಿಗೆ. ಆದರೆ ಅವಳಿಗೆ ಬಿಳಿ ಸೀರೆ ಬೇಕಿತ್ತು. ದೊಡ್ಡವ್ವನ ಕಾಲಿಗೆ ಗಾಯವಾಗಿದ್ದಾಗ ಗಬ್ಬೂರಿನ ದವಾಖಾನೆಯಲ್ಲಿ ಒಬ್ಬ ನರ್ಸ್ ದಿನಾ ಪಟ್ಟಿ ಕಟ್ಟುತ್ತಿದ್ದಳಂತೆ. ಆಕೆ ಗದರಿದರೆ ದೊಡ್ಡಪ್ಪನಂಥ ದೊಡ್ಡಪ್ಪನೂ ಬೀಡಿ ಆರಿಸಿ ಸುಮ್ಮನೆ ನಿಲ್ಲುತ್ತಿದ್ದನಂತೆ. "ನಮ್ಮಪ್ಪ ಸುಮ್ ನಿಂತಿದ್ದು ನಾ ಆಕಿ ಮುಂದಷ್ಟ ನೋಡೀನಿ ನೋಡು" ಎಂದು ನನಗೆ ಜಡೆ ಹೆಣೆಯುತ್ತ ಹೇಳಿದ್ದಳು.

ಅಕ್ಕ ಬಂದ ದಿನದಿಂದ ಮಾವ ಮಲಗುವುದು ಅಂಗಡಿಯಲ್ಲೇ ಆಯಿತು. ಊಟಕ್ಕೆ ಮಾತ್ರ ಮನೆಗೆ ಬರುತ್ತಿದ್ದ.

ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳೆಂದರೆ ಕರೆಂಟಿನ ಪಾಠ. ಟ್ಯೂಶನ್ ಸರ್ ಒಂದು ತ್ರಿಕೋನ ಬರೆಸಿದ್ದರು. ಮೇಲೆ ವೋಲ್ಟು, ಕೆಳಗೆ ಒಂದು ಕಡೆ ಕರೆಂಟು, ಇನ್ನೊಂದು ಕಡೆ ರೋಧ. ಬೇಕಾದದ್ದರ ಮೇಲೆ ಬೆರಳಿಟ್ಟು ಮುಚ್ಚು, ಉಳಿದದ್ದೇ ಉತ್ತರ. ವೋಲ್ಟನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ವೋಲ್ಟನ್ನೂ ಕರೆಂಟನ್ನೂ ಗುಣಿಸಿದರೆ ವಾಟು. ಬೆಳಗ್ಗೆ ಬಾಯಿಪಾಠ ಒಪ್ಪಿಸುತ್ತಿದ್ದಳು, ಸಂಜೆಗೆ ಮರೆಯುತ್ತಿದ್ದಳು. ಯಾವುದನ್ನು ಭಾಗಿಸುವುದು, ಯಾವುದನ್ನು ಗುಣಿಸುವುದು ಎಂದು ಬೆರಳು ಎಲ್ಲೆಲ್ಲೋ ಓಡಾಡುತ್ತಿತ್ತು.

ಒಂದು ಸಂಜೆ ಮಾವ ಊಟಕ್ಕೆ ಕೂತು ಅವಳನ್ನೇ ನೋಡುತ್ತಿದ್ದ.

"ಏನ್ಬೇ ಶರಣಿ, ಆ ತ್ರಿಕೋನದಾಗ ಏನು ಹುಡುಕಾಕತ್ತಿ? ಸೂಜಿ ಬಿದ್ದದೇನು?"

"ಸುಮ್ ಉಣ್ಣು ಮಾವಾ. ನಿನಗೇನು ತಿಳೀತದ ಇದು."

"ತಿಳಿಯಂಗಿಲ್ಲ, ಖರೆ. ಏನು ಕೇಳ್ಯಾರ ಓದರ ಓದು, ನೋಡಾಮು."

ಅಕ್ಕ ಓದಿದಳು. ಒಂದು ಹೀಟರಿನ ತಂತಿಯನ್ನು ಅರ್ಧಕ್ಕೆ ಕತ್ತರಿಸಿ, ಅದೇ ವೋಲ್ಟಿಗೆ ಜೋಡಿಸಿದರೆ ಶಾಖ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ?

"ಕಡಿಮಿ ಆಗ್ತದ" ಎಂದಳು ತಾನೇ. "ಅರ್ಧ ರೊಟ್ಟಿ ತಿಂದ್ರ ಅರ್ಧ ಹೊಟ್ಟಿ. ಅರ್ಧ ತಂತಿಗಿ ಅರ್ಧ ಬೆಂಕಿ. ಹೋದ ಸಲಾನೂ ಇದನ್ನ ಕೇಳಿದ್ರು. ಹಿಂಗ ಬರದೀನಿ."

ಮಾವನ ಕೈಯ ತುತ್ತು ಅಲ್ಲೇ ನಿಂತಿತು. ಪುಂಡಿಪಲ್ಯ ತಟ್ಟೆಗೆ ಬಿತ್ತು.

"ಹಂಗಾರ ನಾ ಇಷ್ಟು ದಿನ ಓಣಿ ಮಂದಿ ಹೀಟರೆಲ್ಲ ಅರ್ಧ ಮಾಡಿ, ಎಲ್ಲಾರ ಚಾ ತಣ್ಣಗ ಮಾಡಾಕತ್ತೀನೇನು? ನಿನ್ನ ಎದುರಿಗೇ ಉರಿಯಾಕತ್ತದಲ್ಲಬೇ ಹುಚ್ಚಿ, ನೋಡು!"

ಅಕ್ಕ ತಿರುಗಿ ನೋಡಿದಳು. ಅವ್ವನ ಹೀಟರು ಮೂಲೆಯಲ್ಲಿ ಕೆಂಪಗೆ ಉರಿಯುತ್ತಿತ್ತು. ದಿನಾ ಅದರ ಮೇಲೆ ಹಾಲು ಕಾಯಿಸಿ, ಉಕ್ಕಿಸಿ, ಕಮಟು ವಾಸನೆ ಎಬ್ಬಿಸಿ ಬೈಸಿಕೊಂಡವಳು ಅವಳೇ. ಅರ್ಧ ಕಾಯಿಲ್ ಎಂದು ಗೊತ್ತಿತ್ತು. ಹೆಚ್ಚು ಉರಿಯುತ್ತದೆ ಎಂದೂ ಗೊತ್ತಿತ್ತು. ಆದರೆ ಆ ಹೀಟರ್ ಬೇರೆ, ಪುಸ್ತಕದ ಹೀಟರ್ ಬೇರೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮಲ್ಲಿ ಯಾರ ತಲೆಯಲ್ಲಿ ಹಾಗೆ ಕೂತಿರಲಿಲ್ಲ, ಹೇಳಿ?

"ಹಂಗಾರ ಯಾಕ ಹೆಚ್ಚು ಉರೀತದ ಮಾವಾ?"

"ಅದು ನನಗೆಲ್ಲಿ ಗೊತ್ತದ? ಕತ್ತರಿಸಿದ್ರ ಉರೀತದ, ಕತ್ತರಸ್ತೀನಿ. ಯಾಕ ಅನ್ನೋದು ನಿನ್ನ ಬುಕ್ಕಿನಾಗ ಇರಬೇಕು."

ಮರುದಿನ ಮಾವ ಅಂಗಡಿಯಿಂದ ಟಾಂಗ್ ಟೆಸ್ಟರ್ ತಂದ. ಏಡಿಯ ಇಕ್ಕಳದ ಹಾಗೆ ಬಾಯಿ ತೆರೆಯುವ ಮೀಟರ್. ಅದರ ಬಾಯಲ್ಲಿ ವಯರ್ ಹಿಡಿದರೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ವೋಲ್ಟು ನೋಡಲು ಅದಕ್ಕೇ ಎರಡು ಸಣ್ಣ ಕಡ್ಡಿ. ನಾನು ಕುಂಟಬಿಲ್ಲೆ ಅರ್ಧಕ್ಕೆ ಬಿಟ್ಟು ಓಡಿ ಬಂದೆ. ಜಗಳವಾಡಿ ಮೀಟರ್ ಹಿಡಿಯುವ ಕೆಲಸ ನಾನೇ ಇಸಿದುಕೊಂಡೆ. ಹೀಟರಿನ ವಯರಿಗೆ ಬಾಯಿ ಹಾಕಿಸಿದೆ. ಮುಳ್ಳು ಅಲ್ಲಾಡಲೇ ಇಲ್ಲ.

"ಮಾವಾ, ನಿನ್ನ ಮೀಟರ್ ಸತ್ತದ" ಎಂದೆ.

"ಮೀಟರ್ ಸತ್ತಿಲ್ಲ, ನಿನ್ನ ತಲಿ ಸತ್ತದ. ಎರಡೂ ವಯರ್ ಕೂಡೇ ಹಿಡದಿ. ಒಂದರಾಗ ಹೋಗ್ತದ, ಒಂದರಾಗ ಬರ್ತದ. ಇಬ್ರನ್ನೂ ಒಂದ ಬಾಯಾಗ ಹಿಡದ್ರ ಇವ ಎಳದಿದ್ದು ಅವ ಬಿಡಸ್ತಾನ. ಒಂದ ಹಿಡಿ."

ಒಂದನ್ನೇ ಹಿಡಿದೆ. ಮುಳ್ಳು ಚಂಗನೆ ಎದ್ದಿತು.

ಮೊದಲು ಅಂಗಡಿಯಿಂದ ತಂದ ಇಡೀ ಕಾಯಿಲು ಹಾಕಿ ನೋಡಿದರು. ವೋಲ್ಟು ನೂರಾ ಅರವತ್ತು, ಕರೆಂಟು ಮೂರು ಆಂಪಿಯರ್. ಕಾಯಿಲು ಬೂದಿ ಬಣ್ಣ ಬಿಟ್ಟು ಕೆಂಪಿಗೆ ಬರಲೇ ಇಲ್ಲ. ಆಮೇಲೆ ನಮ್ಮ ಅರ್ಧ ಕಾಯಿಲು. ಅದೇ ನೂರಾ ಅರವತ್ತು ವೋಲ್ಟು. ಮುಳ್ಳು ಆರರ ಮೇಲೆ ಹೋಗಿ ನಿಂತಿತು.

ಅಕ್ಕ ನೆಲದ ಮೇಲೇ ಬಳಪದಿಂದ ಲೆಕ್ಕ ಹಾಕಿದಳು. ನೂರಾ ಅರವತ್ತನ್ನು ಮೂರರಿಂದ ಭಾಗಿಸಿದರೆ ಐವತ್ಮೂರು ಚಿಲ್ಲರೆ ಓಮ್. ಆರರಿಂದ ಭಾಗಿಸಿದರೆ ಅದರ ಅರ್ಧ. ಇನ್ನು ಗುಣಿಸಿದರೆ, ಇಡೀ ಕಾಯಿಲಿಗೆ ನಾನೂರಾ ಎಂಬತ್ತು ವಾಟು, ಅರ್ಧ ಕಾಯಿಲಿಗೆ ಒಂಬೈನೂರಾ ಅರವತ್ತು.

ಅವಳು ಆ ಎರಡು ಅಂಕಿಗಳ ಕೆಳಗೆ ಗೆರೆ ಎಳೆದಳು. ಹೀಟರಿನ ಕೆಂಪು ಅವಳ ಮುಖಕ್ಕೆ ಹತ್ತಿತ್ತು. ಹಿಂದಿನ ಮಿಲ್ಲಿನಿಂದ ಭತ್ತ ಬೇಯಿಸುವ ಹಬೆ ವಾಸನೆ ಕಿಟಕಿಯಲ್ಲಿ ಬರುತ್ತಿತ್ತು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಳು.

"ತಂತಿ ಏನು ಬೆಂಕಿ ಕೊಡಾದಲ್ಲ. ತಂತಿ ಅಡ್ಡ ನಿಲ್ಲಾದು. ಅರ್ಧ ತಂತಿ ಅಂದ್ರ ಅರ್ಧ ಅಡ್ಡಿ. ಅರ್ಧ ಅಡ್ಡಿ ಅಂದ್ರ ಕರೆಂಟ್ ಎರಡು ಪಟ್ಟು ನುಗ್ತದ. ಅದಕ್ಕ ಎರಡು ಪಟ್ಟು ಬೆಂಕಿ. ಅಯ್ಯ ನನ ಶಿವನ! ಎರಡು ಸಲ ಇದಕ್ಕ ಫೇಲಾದ್ನಲ್ಲ ಮಾವಾ ನಾ!"

"ಈಗ ನನಗೂ ತಿಳೀತು ನೋಡು" ಎಂದ ಮಾವ. "ಇಷ್ಟು ವರ್ಷ ಕತ್ತರಸೀನಿ, ಯಾಕಂತ ಇವತ್ತ ಗೊತ್ತಾತು. ಫೀಸು ಏನು ಕೊಡ್ಲಿ ಟೀಚರಮ್ಮ?"

"ಮಿರ್ಚಿ ತಗೊಂಡು ಬಾ ಹೋಗು."

ಅಲ್ಲಿಂದ ಶುರುವಾಯಿತು ನೋಡಿ ನಮ್ಮನೆಯಲ್ಲಿ ಆಟ. ಸಂಜೆ ಮಾವ ಬಂದರೆ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ಒಂದು ದಿನ ಇಸ್ತ್ರಿ ಪೆಟ್ಟಿಗೆ, ಒಂದು ದಿನ ನೂರು ವಾಟಿನ ಬಲ್ಬು, ಒಂದು ದಿನ ಯಾರದೋ ಮಿಕ್ಸರ್. ವೋಲ್ಟು ನೋಡು, ಆಂಪಿಯರ್ ನೋಡು, ರೋಧ ಎಷ್ಟು, ವಾಟ್ ಎಷ್ಟು. ನಾನು ಮೀಟರ್ ಹಿಡಿಯುವುದು, ಅಕ್ಕ ಲೆಕ್ಕ ಹಾಕುವುದು, ಮಾವ ಮಂಡಾಳ ಎನ್ನುವ ಮಂಡಕ್ಕಿ ಒಗ್ಗರಣೆ ಮುಕ್ಕುತ್ತ "ತಪ್ಪು!" ಎಂದು ಕೂಗುವುದು. ಅವನಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೂ ಕೂಗುತ್ತಿದ್ದ. ಅಕ್ಕ ಗಾಬರಿಯಾಗಿ ಮತ್ತೊಮ್ಮೆ ಹಾಕಿ, ಸರಿಯಿದೆ ಎಂದು ಗೊತ್ತಾಗಿ, ಬಳಪ ತೂರಿ ಅವನ ಹಣೆಗೆ ಹೊಡೆಯುತ್ತಿದ್ದಳು. ಅಪ್ಪ ಕೂಡ ಉಂಡ ಮೇಲೆ ಎದ್ದು ಹೋಗದೆ ಅಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದ. ಹೊರಗೆ ಮಳೆ, ಒಳಗೆ ಆ ಮಂದ ಕೆಂಪು ಬೆಳಕು, ಮೆಣಸಿನಕಾಯಿ ಘಾಟು. ಓದು ಎಂದರೆ ಇಷ್ಟು ಮಜಾ ಇರುತ್ತದೆಂದು ನನಗೆ ಗೊತ್ತಾಗಿದ್ದು ಆ ಮಳೆಗಾಲದಲ್ಲಿ.

ಓಣಿಯ ಎಲ್ಲ ಹುಡುಗಿಯರಿಗೆ ತಂತಿಯ ಉಂಗುರ ಮಾಡಿ ಕೊಟ್ಟ ಮಾವ, ಶರಣಕ್ಕನಿಗೆ ಮಾತ್ರ ಒಂದೂ ಮಾಡಿ ಕೊಡಲಿಲ್ಲ. ನನಗೆ ಆಗ ವಿಚಿತ್ರ ಅನಿಸಿತ್ತು.

ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಮಾವ ಕೈ ತೊಳೆಯಲು ಅಲ್ಲಿಗೆ ಹೋದ. ನಾನು ಬಾಗಿಲ ಮರೆಯಲ್ಲಿ ಹುಣಸೆಬೀಜ ಎಣಿಸುತ್ತಿದ್ದೆ.

"ಹಣಮ್ಯಾ, ದಿನಾ ಕುಂದ್ರಿಸಿ ಕಲಸಾಕತ್ತಿ. ಆಕಿ ಪಾಸಾದ್ರ ರಾಯಚೂರಿಗಿ ಹೋಗ್ತಾಳ. ಆಮ್ಯಾಲ ನಿನ್ನ ಗತಿ ಏನೋ?"

"ಫೇಲಾದ್ರ ನನ್ನ ಗತಿ ಚಲೋ ಇರ್ತದೇನಕ್ಕಾ?"

"ಮನ್ಯಾಗ ಹೇಣ್ತಿ ಬರ್ತಾಳಪ್ಪಾ. ಮತ್ತೇನು ಬೇಕು?"

"ಫೇಲಾಗಿ ಬಂದಾಕಿ ಜನಮ ಪೂರ್ತಿ ನನ್ನ ಮಾರಿ ನೋಡ್ದಾಗೊಮ್ಮಿ ಅದನ್ನ ನೆನಸ್ಕೊಂತಾಳ. ನಾ ಗಂಡ ಆಗಬೇಕೋ, ಆಕಿಯ ಫೇಲಾದ ಮಾರ್ಕ್ಸ್ ಕಾರ್ಡ್ ಆಗಬೇಕೋ ಹೇಳು."

ಅವ್ವ ಬೂದಿ ಹಚ್ಚಿ ತಿಕ್ಕಿದ ತಟ್ಟೆಯನ್ನೇ ಮತ್ತೆ ತಿಕ್ಕಿದಳು.

ದಸರೆ ಮುಗಿದು, ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಎರಡು ಸಂಗತಿ ಒಂದೇ ದಿನ ನಡೆದವು. ಬೆಳಗಿನ ಬಸ್ಸಿಗೆ ದೊಡ್ಡಪ್ಪ ಬಂದ. ಹತ್ತಿ ಒಡೆದಿದೆ, ಬಿಡಿಸಲು ಆಳಿಲ್ಲ, ಹುಡುಗಿಯನ್ನು ಕಳಿಸು ಎಂದ.

"ಎರಡು ಸಲ ಬರದು ಏನು ಕಿತ್ಲು? ಮೂರನೇದಕ್ಕ ಏನು ಕಿತ್ತಾಳು? ಹತ್ತಿ ಕಿತ್ತರ ಮನಿಗಿ ಉಪಯೋಗ. ದೀಪಾವಳಿ ಆದಮ್ಯಾಲ ಅಕ್ಕಿಕಾಳು ಹಾಕಿಬಿಡಾಮು."

ಅಕ್ಕ ಟ್ಯೂಶನ್ನಿಗೆ ಹೋಗಿದ್ದಳು. ಬಂದ ಕೂಡಲೇ ಹೊರಡಲಿ ಎಂದು ಅವಳ ಟ್ರಂಕನ್ನು ದೊಡ್ಡಪ್ಪನೇ ಎತ್ತಿ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಕೂತ.

ಅದೇ ಹೊತ್ತಿಗೆ ಓಣಿಗೆ ಟಿಸಿ ಬಂತು. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕೇಳಿ ಕೇಳಿ ಎಲ್ಲರೂ ಆಸೆ ಬಿಟ್ಟಿದ್ದರು. ಅದು ಬಂದ ಮೇಲೆ ಅರ್ಧ ಕಾಯಿಲು ನಡೆಯುವುದಿಲ್ಲ, ಇಡೀದು ಹಾಕಿಸಬೇಕು ಎಂದು ಮಾವ ಹಿಂದೆ ಯಾವಾಗಲೋ ಹೇಳಿದ್ದ. ಬಾರದ ಟಿಸಿಯ ಮಾತು ಯಾರು ನೆನಪಿಡುತ್ತಾರೆ! ಹೊಸ ಟಿಸಿ ಕಂಬದ ನಡುವೆ ಹಸಿರು ಎಮ್ಮೆಯಂತೆ ಕೂತಿತು. ಓಣಿಯ ಹೆಂಗಸರು ಭಂಡಾರ, ಕುಂಕುಮ, ಕಾಯಿ ಹಿಡಿದು ಬಂದೇ ಬಿಟ್ಟರು. "ಯವ್ವಾ, ದೂರದಿಂದ ಮಾಡ್ರಿ ಪೂಜಾ! ಮುಟ್ಟಿದ್ರ ಸೀದಾ ಕೈಲಾಸ!" ಎಂದು ಲೈನ್‌ಮನ್ ಕಂಬದ ಮೇಲಿಂದಲೇ ಕಿರುಚಿದ. ದೂರದಿಂದಲೇ ಕಾಯಿ ಒಡೆದರು. ಕರೆಂಟು ಬಿಟ್ಟರು. ಹಗಲಲ್ಲೂ ನಮ್ಮನೆ ಬಲ್ಬು ಝಗ್ಗೆಂದಿತು. ಅದಕ್ಕೆ ಅಷ್ಟು ಬೆಳಕಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೂಲೆಯ ಜೇಡರ ಬಲೆಗಳೆಲ್ಲ ಕಂಡು ಅವ್ವ ನಾಚಿಕೊಂಡಳು.

ಸಂತೋಷಕ್ಕೆ ಚಹಾ ಆಗಬೇಕಲ್ಲ? ಓಣಿಗೆ ಓಣಿಯೇ ಹೀಟರ್ ಹಚ್ಚಿತು.

ಮೊದಲು ಗಂಗತ್ತೆಯ ಮನೆಯಿಂದ ಠಪ್ ಎಂದು ಸದ್ದು ಬಂತು. ಆಮೇಲೆ ಎದುರು ಮನೆ. ಆಮೇಲೆ ನಮ್ಮದು. ಕಾಯಿಲು ಕೆಂಪಾಗಲಿಲ್ಲ, ಬೆಳ್ಳಗಾಯಿತು. ಕಣ್ಣು ಕೋರೈಸುವಷ್ಟು ಬೆಳ್ಳಗಾಗಿ, ಕರಗಿ ತುಂಡಾಗಿ ಹೋಯಿತು. ಗಂಗತ್ತೆಯ ಹೀಟರಿನ ಮಣ್ಣಿನ ತಟ್ಟೆಯೇ ಸೀಳಿ, ಹಾಲಿನ ಪಾತ್ರೆ ಮಗುಚಿತು. ಪುಣ್ಯ, ಯಾರಿಗೂ ಏನೂ ಆಗಲಿಲ್ಲ.

ಮಾವ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ನಮ್ಮ ಕಟ್ಟೆಯ ಮುಂದೆ ಹೆಂಗಸರ ಸಂತೆಯೇ ನೆರೆದಿತ್ತು.

"ಏನೋ ಹಣಮಂತ, ಎಂಥಾ ಕಾಯಿಲ್ ಹಾಕಿದ್ದೋ? ನನ್ನ ಮೊಮ್ಮಗ ಅಲ್ಲೇ ಕುಂತಿತ್ತಲ್ಲೋ!" ಗಂಗತ್ತೆ ಸೀಳಿದ ಮಣ್ಣಿನ ತಟ್ಟೆ ಎತ್ತಿ ಹಿಡಿದಳು.

"ಅತ್ತೀ, ವೋಲ್ಟೇಜ್ ಜಾಸ್ತಿ ಬಂತು, ಅದಕ್ಕ..."

"ವೋಲ್ಟೇಜ್ ಜಾಸ್ತಿ ಬಂದ್ರ ಚಾ ಲಗೂನ ಆಗಬೇಕು. ಕಾಯಿಲ್ ಯಾಕ ಕರಗಬೇಕು? ಹೆಚ್ಚಿಗಿ ಬಂದದ್ದು ಒಂದಿಷ್ಟು. ಅಷ್ಟಕ್ಕ ಹಿಂಗ ಸಿಡೀತದೇನು? ನೀನ ಏನೋ ಕಚ್ಚಾ ಮಾಲು ಹಾಕೀದಿ!"

ಮಾತಿನಲ್ಲಿ ಎಲ್ಲರನ್ನೂ ಕುಣಿಸುತ್ತಿದ್ದ ಮಾವ ಅಂದು ತಲೆ ಕೆರೆದುಕೊಂಡು ನಿಂತುಬಿಟ್ಟ. ತುಂಡು ಕಾಯಿಲು ಹಿಡಿದು ಒಬ್ಬೊಬ್ಬರಾಗಿ ಅವನ ಮುಖದ ಮುಂದೆ ಆಡಿಸುತ್ತಿದ್ದರು.

ಅಷ್ಟರಲ್ಲಿ ಶರಣಕ್ಕ ಬಂದಳು. ಕಟ್ಟೆಯ ಮೇಲೆ ತನ್ನ ಟ್ರಂಕು, ಪಕ್ಕದಲ್ಲಿ ಅಪ್ಪ. ಮುಂದೆ ಈ ಗದ್ದಲ. ಟ್ರಂಕನ್ನು ಒಂದು ಸಲ ನೋಡಿದಳು, ದೊಡ್ಡಪ್ಪನನ್ನು ಒಂದು ಸಲ. ಒಳಗೆ ಹೋಗಿ, ಒಲೆಯಿಂದ ಇದ್ದಲಿ ತಂದು, ಸುಣ್ಣ ಹಚ್ಚಿದ ಗೋಡೆಯ ಮುಂದೆ ನಿಂತಳು. ಹೋದ ದೀಪಾವಳಿಗೆ ಬಳಿದ ಗೋಡೆ. ಅವ್ವ "ಏ, ಏ" ಎನ್ನುತ್ತಿದ್ದಳು, ಅವಳು ಕೇಳಲಿಲ್ಲ.

"ಗಂಗತ್ತಿ, ಇಲ್ಲಿ ನೋಡು. ನಿನ್ನೆ ತನಕ ನಮಗ 160 ವೋಲ್ಟ್ ಬರ್ತಿತ್ತು. ಅರ್ಧ ಕಾಯಿಲಿನಾಗ ಆರು ಆಂಪಿಯರ್ ಹರೀತಿತ್ತು. ನಾನ ಮೀಟರ್ ನೋಡೀನಿ. ಮಾವಾ, ಈಗ ಎಷ್ಟು ವೋಲ್ಟ್ ಅದ?"

ಮಾವ ಮೀಟರ್ ಇಟ್ಟು ನೋಡಿ, ಮೆಲ್ಲಗೆ "240" ಎಂದ.

"ಕಾಯಿಲ್ ಅದ, ಅಡ್ಡಿ ಅದ. 160 ಭಾಗಿಲೆ ಆರು, ಅದು ಕಾಯಿಲಿನ ಅಡ್ಡಿ. ಆ ಅಡ್ಡಿಗಿ ಈಗ 240 ನೂಕಿದ್ರ ಒಂಬತ್ತು ಆಂಪಿಯರ್ ಹರೀತದ. ಇನ್ನ ಬೆಂಕಿ ಲೆಕ್ಕ ಮಾಡಾಮು. ನಿನ್ನೆ 160 ಗುಣಿಲೆ ಆರು, 960. ಇವತ್ತು 240 ಗುಣಿಲೆ ಒಂಬತ್ತು, 2160."

ಗೋಡೆಯ ಮೇಲೆ ಅಂಗೈ ಅಗಲದ ಅಂಕಿಗಳು.

"ಅಲ್ಲವಾ," ಗಂಗತ್ತೆ ಬಿಡಲಿಲ್ಲ, "ವೋಲ್ಟು ಒಂದೂವರಿ ಪಟ್ಟು ಆತು ಅಂತಿ. ಬೆಂಕೀನೂ ಒಂದೂವರಿ ಪಟ್ಟು ಆಗಬೇಕಲ್ಲ? ಎರಡರ ಮ್ಯಾಲ ಹೆಂಗಾತು?"

ಅಕ್ಕ ಮತ್ತೆ ಗೋಡೆಯ ಅಂಕಿಗಳ ಕಡೆ ತಿರುಗಿದಳು. ಇದು ಪುಸ್ತಕದಲ್ಲಿ ಇರಲಿಲ್ಲ. ದೊಡ್ಡಪ್ಪ ಎದ್ದು ನಿಂತ. ಆಮೇಲೆ ಅವಳ ಮುಖ ಅರಳಿತು.

"ಅತ್ತಿ, ಗಬ್ಬೂರು ಬಸ್ ನೆನಸ್ಕೊ. ಸಂತಿ ದಿನ ಬಾಗಲಾಗ ನುಗ್ಗೋ ಮಂದೀನೂ ಹೆಚ್ಚು, ಒಬ್ಬೊಬ್ಬರು ನೂಕೋ ಜೋರೂ ಹೆಚ್ಚು. ಬರೇ ಮಂದಿ ಹೆಚ್ಚಾದ್ರ ಸೀರಿ ಮುದಡಿ ಆಗ್ತಿತ್ತು. ಬರೇ ಜೋರ್ ಹೆಚ್ಚಾದ್ರ ಮುದಡಿ ಆಗ್ತಿತ್ತು. ಎರಡೂ ಕೂಡಿದ್ರ ಹರೀತದ. ವೋಲ್ಟು ಅಂದ್ರ ಜೋರು, ಆಂಪಿಯರ್ ಅಂದ್ರ ಮಂದಿ. ಎರಡೂ ಒಂದೂವರಿ ಪಟ್ಟು ಆದ್ವು. ಗುಣಿಸಿದ್ರ ಎರಡೂಕಾಲು ಪಟ್ಟು. ಕಾಯಿಲ್ ಹರೀತು. ಮಾವಂದೇನು ತಪ್ಪು? ಅಂವ ಲೋ ವೋಲ್ಟೇಜಿಗಿ ಅಳತಿ ಮಾಡಿ ಹೊಲಿದಿದ್ದ. ಈಗ ನಾವು ದಪ್ಪಾದ್ವಿ, ಕುಬಸ ಹರೀತು!"

ಹೆಂಗಸರೆಲ್ಲ ಗೊಳ್ಳೆಂದರು. ಗಂಗತ್ತೆ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡರೂ ನಕ್ಕಳು. "ಹಂಗಾರ ಇನ್ನ ಇಡೀ ಕಾಯಿಲ್ ಹಾಕಬೇಕು. ನಮ್ಮ ಬೀಗತನ ಮುಗೀತು ಅನ್ನು" ಎಂದು ನಮ್ಮವ್ವನ ಕಡೆ ನೋಡಿದಳು.

ದೊಡ್ಡಪ್ಪ ಗೋಡೆಯ ಮುಂದೆ ನಿಂತು, ಓದಲು ಬಾರದ ಆ ಅಂಕಿಗಳನ್ನು ಮೇಲಿಂದ ಕೆಳಗೆ ನೋಡಿದ.

"ಇಷ್ಟು ಮಾತು ಎಲ್ಲಿ ಕಲ್ತಿ?"

ಅಕ್ಕ ಉತ್ತರ ಕೊಡುವ ಮೊದಲೇ ಮಾವ ನಡುವೆ ಬಂದ.

"ಭಾವಾ, ಟ್ರಂಕ್ ಒಳಗ ಇಡ್ತೀನಿ. ಪರೀಕ್ಷಿ ಬರೀಲಿ ಆಕಿ. ಫೇಲಾದ್ರ ನಾನ ಅಕ್ಕಿಕಾಳಿಗಿ ಬರ್ತೀನಿ, ಇಲ್ಲನ್ನಂಗಿಲ್ಲ. ಪಾಸಾದ್ರ ಈ ಟ್ರಂಕ್ ಹೊತ್ಕೊಂಡು ರಾಯಚೂರಿಗಿ ಬಿಟ್ಟು ಬರಾಂವನೂ ನಾನ. ನೀ ಫಿಕರ್ ಮಾಡಬ್ಯಾಡ. ಹತ್ತಿ ಬಿಡಸಾಕ ನಾ ಇಬ್ರನ್ನ ಕರಕೊಂಡು ಬರ್ತೀನಿ."

"ನಿನಗೇನು ಹುಚ್ಚು ಹಿಡದದೇನಲೇ?"

"ಹೂಂ ಅನ್ಕೊ."

ದೊಡ್ಡಪ್ಪ ಟ್ರಂಕಿನ ಕಡೆ ನೋಡಿದ, ಮಾವನ ಕಡೆ ನೋಡಿದ. ಬೀಡಿ ತೆಗೆದ. ಹಚ್ಚದೆ ಹಾಗೇ ಹಿಡಿದುಕೊಂಡು, "ಚಾ ಆರ ಮಾಡ್ರಿ ಯಾರರ, ಕಟಿಗಿ ಒಲಿ ಮ್ಯಾಲೆ" ಎಂದ.

ಪರೀಕ್ಷೆಯಲ್ಲಿ ವೋಲ್ಟು, ಆಂಪಿಯರ್ ಕೊಟ್ಟು ರೋಧವನ್ನೂ ವಾಟನ್ನೂ ಕಂಡುಹಿಡಿಯಿರಿ ಎಂದು ಕೇಳಿದ್ದರಂತೆ. ಅಕ್ಕನಿಗೆ ನಗು ತಡೆಯಲಾಗದೆ ಮೇಲ್ವಿಚಾರಕರಿಂದ ಬೈಸಿಕೊಂಡಳಂತೆ. ರಿಸಲ್ಟ್ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ನೋಡಿದವನು ಮಾವ. ಮಿರ್ಚಿಯ ಪೊಟ್ಟಣ ಹಿಡಿದು ಬಂದು, ಬಾಗಿಲಲ್ಲೇ ನಿಂತು, "ಆಕಿ ಪಾಸು, ನಾ ಫೇಲು" ಎಂದು ಕೂಗಿದ. ಎಲ್ಲರೂ ನಕ್ಕೆವು. ಅವ್ವ ಮಾತ್ರ ನಗಲಿಲ್ಲ. ಅಂದು ಅವನು ಒಂದೂ ಮಿರ್ಚಿ ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದ.

ಹಾಸ್ಟೆಲಿಗೆ ಬಿಡಲು ಹೋದಾಗ ಹಟ ಮಾಡಿ ನಾನೂ ಹೋಗಿದ್ದೆ. ಗೇಟಿನಲ್ಲಿ ಬಿಳಿ ಸೀರೆಯ ಹೆಣ್ಣುಮಕ್ಕಳು ಸಾಲಾಗಿ ಹೋಗುತ್ತಿದ್ದರು. ಮಾವ ಟ್ರಂಕು ಇಳಿಸಿ, ಅಂಗಿಯಿಂದ ಮುಖ ಒರೆಸಿಕೊಂಡು, ಅಕ್ಕನಿಗೆ ಹೇಳಿದ, "ಚಲೋ ಓದ್ರಿ. ನಾ ಬರ್ತೀನ್ರಿ." ಅಕ್ಕ ಚೇಷ್ಟೆ ಎಂದುಕೊಂಡು ಅವನ ಭುಜಕ್ಕೆ ಗುದ್ದಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಮರುವರ್ಷ ಮಾವನ ಮದುವೆ ಹಿರೇಕೊಟ್ನೆಕಲ್ಲಿನಲ್ಲೇ ಆಯಿತು. ನಮ್ಮ ಅತ್ತೆ ಬಹಳ ಒಳ್ಳೆಯವಳು, ಇಬ್ಬರೂ ಚೆನ್ನಾಗಿದ್ದಾರೆ. ಅದರಲ್ಲಿ ಎರಡು ಮಾತಿಲ್ಲ. ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿ, ಎಷ್ಟೋ ಜನರ ಅಪ್ಪಂದಿರನ್ನು ಸುಮ್ಮನೆ ನಿಲ್ಲಿಸಿದ್ದಾಳೆ. ಈಗ ಓಣಿಯಲ್ಲಿ ಎಲ್ಲರಿಗೂ ಗ್ಯಾಸ್ ಇದೆ, ಪೂರಾ ವೋಲ್ಟೇಜ್ ಇದೆ. ಯಾರೂ ಯಾರಿಗೂ ಏನನ್ನೂ ಅರ್ಧ ಮಾಡಿ ಕೊಡಬೇಕಿಲ್ಲ.

ಹೋದ ತಿಂಗಳು ನಾನೂ ಶರಣಕ್ಕನೂ ಮಾವನ ಮನೆಗೆ ಹೋಗಿದ್ದೆವು. ನನ್ನನ್ನು ಕಂಡು "ಬಂದ್ಯಾ ದೆವ್ವ" ಎಂದ. ಅಕ್ಕ ಒಳಗೆ ಬಂದ ಕೂಡಲೇ ಹೊರಸಿನಿಂದ ಎದ್ದು ನಿಂತ. ಕುರ್ಚಿ ಒರೆಸಿ "ಕುಂದರ್ರಿ" ಎಂದ. ನನಗೆ ಸ್ಟೀಲಿನ ಲೋಟದಲ್ಲಿ ಚಹಾ, ಅವಳಿಗೆ ಕಪ್-ಬಸಿಯಲ್ಲಿ. ಬಿ.ಪಿ. ನೋಡುತ್ತೇನೆ ಎಂದು ಅವಳು ಕೈ ಹಿಡಿದರೆ, ಡಾಕ್ಟರ ಮುಂದೆ ಕೂತವರ ಹಾಗೆ ಬಿಗಿಯಾಗಿ ಕೂತ. ಬೇಕೆಂದೇ ಅವಳು ಕೆಣಕಿದಳು, ಹಳೆಯದನ್ನೆಲ್ಲ ತೆಗೆದು ನಗಿಸಿದಳು. ಅವನು ನೆಲ ನೋಡಿಕೊಂಡು "ಹೌದ್ರಿ, ಹೌದ್ರಿ" ಎಂದು ನಕ್ಕ.

ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು.

"ವಾರ್ಡಿನಾಗ ದಿನಾ ಎಷ್ಟು ಮಂದಿ ನನಗ ಎದ್ದು ನಿಂತು ಮಾತಾಡ್ತಾರ ಗೊತ್ತದೇನು? ಎಲ್ಲಾರೂ ಮೇಡಂ, ಎಲ್ಲಾರೂ ಸಿಸ್ಟರ್. ಸರಿ ಇದ್ದ ಲೆಕ್ಕಕ್ಕೂ ನನ್ನ ಮಾರಿ ಮುಂದ ತಪ್ಪು ಅಂತ ಒದರಿ ನಗಾಂವ ಒಬ್ಬ ಇದ್ದ. ಅವಂಗೂ ನಾ ದೊಡ್ಡಾಕಿ ಆಗಿಬಿಟ್ಟೆ ನೋಡು."